ರಾಜಕುಮಾರಿಯ ಪ್ಯಾಂಟು

ಅಮೆರಿಕದ ಕಾಮಿಕ್ಸ್ ಲೋಕದಲ್ಲಿ ಬಟ್ಟೆಯ ವಿಚಾರಕ್ಕೆ ವಂಡರ್ ವುಮನ್‌ಳಷ್ಟು ಬೈಸಿಕೊಂಡ ಪಾತ್ರ ಇನ್ನೊಂದು ಇರಲಾರದು. ಸೂಪರ್‌ಮ್ಯಾನ್ ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡು ಎಪ್ಪತ್ತು ವರ್ಷ ಆಕಾಶದಲ್ಲಿ ಹಾರಾಡಿದ. ನಗುವವರು ನಕ್ಕು ಸುಮ್ಮನಾದರು. ವಂಡರ್ ವುಮನ್‌ಗೆ ಆ ರಿಯಾಯಿತಿ ಸಿಗಲಿಲ್ಲ. ಚಡ್ಡಿ ಹಾಕಿದರೆ ಮೈ ಕಾಣುತ್ತದೆ ಎಂದು ಒಂದು ಗುಂಪಿನ ಆಕ್ಷೇಪ. ಪ್ಯಾಂಟು ಹಾಕಿದರೆ ಇವಳು ನಮ್ಮವಳೇ ಅಲ್ಲ ಎಂದು ಇನ್ನೊಂದು ಗುಂಪಿನದು. ಬಟ್ಟೆ ಹೊಳೆದರೆ ಪ್ಲಾಸ್ಟಿಕ್ಕು, ಹೊಳೆಯದಿದ್ದರೆ ಮಸಿ. ಪರದೆಯ ಮೇಲೆ ಆ ವೇಷ ತೊಡಲು ಒಪ್ಪಿದ ನಟಿಯರಿಗೆ ಇದರ ಜೊತೆಗೆ ಇನ್ನೊಂದು ಪಾಲೂ ಬಂತು: ಅವರ ಎತ್ತರ, ತೂಕ, ಎದೆಯ ಅಳತೆ, ಹುಟ್ಟಿದ ದೇಶ ಎಲ್ಲವೂ ಚರ್ಚೆಯ ವಸ್ತುವಾದವು.

ಪಾತ್ರ ಹುಟ್ಟಿದ್ದು 1941ರಲ್ಲಿ, ‘ಆಲ್ ಸ್ಟಾರ್ ಕಾಮಿಕ್ಸ್’ನ ಎಂಟನೆಯ ಸಂಚಿಕೆಯಲ್ಲಿ. ಕಥೆ ಬರೆದ ವಿಲಿಯಂ ಮೋಲ್ಟನ್ ಮಾರ್ಸ್ಟನ್ ಮನಶ್ಶಾಸ್ತ್ರಜ್ಞ. ಸುಳ್ಳು ಹೇಳುವಾಗ ರಕ್ತದೊತ್ತಡ ಏರುತ್ತದೆಯೇ ಎಂದು ಅಳೆಯುವ ಪರೀಕ್ಷೆ ರೂಪಿಸಿದವರು. ಅವರ ನಾಯಕಿಯ ಕೈಯಲ್ಲಿ ಸಿಕ್ಕಿಬಿದ್ದವರಿಂದ ನಿಜ ಬಾಯಿಬಿಡಿಸುವ ಹಗ್ಗವೊಂದು ಮುಂದೆ ಕಾಣಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಗಂಡಸರಿಲ್ಲದ ದ್ವೀಪದಲ್ಲಿ ಬೆಳೆದ ಅಮೆಜಾನ್ ರಾಜಕುಮಾರಿ ಡಯಾನಾ, ಗುಂಡುಗಳನ್ನು ಕಡಗದಿಂದ ತಡೆಯುತ್ತ ಅಮೆರಿಕಕ್ಕೆ ಬರುತ್ತಾಳೆ. ಆ ಕಡಗಗಳಿಗೆ ಮಾದರಿಯಾದದ್ದು ಮಾರ್ಸ್ಟನ್ ಮತ್ತು ಅವರ ಪತ್ನಿ ಎಲಿಜಬೆತ್ ಅವರೊಂದಿಗೆ ಒಂದೇ ಮನೆಯಲ್ಲಿದ್ದ ಆಲಿವ್ ಬರ್ನ್ ತೊಡುತ್ತಿದ್ದ ದಪ್ಪ ಕಡಗಗಳು.

ಉಡುಪಿನ ಬಗೆಗಿನ ಮೊದಲ ಅಸಮಾಧಾನ ಬಂದದ್ದು ಓದುಗರಿಂದಲ್ಲ, ಅದನ್ನು ಬರೆದ ಕೈಯಿಂದಲೇ. ಚಿತ್ರಕಾರ ಹ್ಯಾರಿ ಪೀಟರ್ ತಮ್ಮ ಆರಂಭದ ಕರಡು ಚಿತ್ರದ ಪಕ್ಕದಲ್ಲೇ ಮಾರ್ಸ್ಟನ್‌ಗೆ ಟಿಪ್ಪಣಿ ಬರೆದಿದ್ದಾರೆ. ಎದೆಯ ಮೇಲಿನ ಹದ್ದು ಪಕ್ಕದಿಂದ ನೋಡಿದರೆ ಸರಿಯಾಗಿ ಮೂಡುವುದಿಲ್ಲ, ಕಾಲಿನ ಪಾದರಕ್ಷೆ ಆಫೀಸಿನ ಸ್ಟೆನೋಗ್ರಾಫರ್ ತೊಡುವಂಥದ್ದಾಗಿದೆ ಎಂಬುದು ಅವರ ತಕರಾರು. ಮಾರ್ಸ್ಟನ್ ಅದೇ ಹಾಳೆಯ ಮೇಲೆ ಉತ್ತರ ಬರೆದು ಲಂಗ, ಕೂದಲು, ಕಡಗ ಒಪ್ಪಿಕೊಂಡರು. ಅಚ್ಚಿಗೆ ಹೋದಾಗ ಕೆಂಪು ಬೂಟು, ಚಿನ್ನದ ಹದ್ದಿನ ಕೆಂಪು ಕುಪ್ಪಸ, ಬಿಳಿ ನಕ್ಷತ್ರಗಳ ನೀಲಿ ಲಂಗ ಇದ್ದವು. ಹೌದು, ಲಂಗ. ನಂತರ ಎಲ್ಲರೂ ‘ಮೂಲ’ ಎಂದು ಹಟ ಹಿಡಿದ ಚಡ್ಡಿ ಮೊದಲ ಚಿತ್ರದಲ್ಲಿ ಇರಲೇ ಇಲ್ಲ. ಗಾಳಿಯಲ್ಲಿ ಜಿಗಿಯುವ, ಒದೆಯುವ ಹುಡುಗಿಗೆ ಲಂಗ ಬರೆಯುವುದು ಚಿತ್ರಕಾರನಿಗೂ ತಲೆನೋವು. ಕೆಲವೇ ಕಾಲದಲ್ಲಿ ಅದು ಮೊಟಕಾಗುತ್ತ ಚಡ್ಡಿಯಾಯಿತು.

1942ರಲ್ಲೇ ಮೊದಲ ದೂರು ಅಚ್ಚಾಯಿತು. ಸಭ್ಯ ಸಾಹಿತ್ಯ ಕಾಪಾಡಲೆಂದು ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು ಕಟ್ಟಿಕೊಂಡಿದ್ದ ಸಂಘ, ಮಕ್ಕಳು ಓದಬಾರದ ಪತ್ರಿಕೆಗಳ ಪಟ್ಟಿಗೆ ಅವಳ ಕಥೆಗಳು ಬರುತ್ತಿದ್ದ ‘ಸೆನ್ಸೇಷನ್ ಕಾಮಿಕ್ಸ್’ ಅನ್ನೂ ಸೇರಿಸಿತು. ಕೊಟ್ಟ ಕಾರಣ ಒಂದೇ: ನಾಯಕಿ ಸಾಕಷ್ಟು ಬಟ್ಟೆ ತೊಟ್ಟಿಲ್ಲ. ಓದುವ ಮಕ್ಕಳಿಗೆ ಅದರ ಚಿಂತೆ ಇರಲಿಲ್ಲ. ಗಂಡು ವೀರರ ಸಂಘವಾದ ಜಸ್ಟಿಸ್ ಸೊಸೈಟಿಗೆ, ಹೆಣ್ಣಾದರೂ ಇವಳನ್ನು ಸೇರಿಸಿಕೊಳ್ಳಬಹುದೇ ಎಂದು ಪ್ರಕಾಶಕರು ಓದುಗರನ್ನು ಕೇಳಿದ್ದರು. ಮೊದಲು ಕೈಸೇರಿದ 1,801 ಉತ್ತರಗಳಲ್ಲಿ 1,265 ಹುಡುಗರು, 333 ಹುಡುಗಿಯರು ಹೂಂ ಅಂದರು. ಬೇಡವೆಂದವರು 197 ಹುಡುಗರು, 6 ಹುಡುಗಿಯರು. ಇಷ್ಟು ಭಾರಿ ಬಹುಮತದಿಂದ ಗೆದ್ದವಳನ್ನು ಸಂಘ ಒಳಗೆ ಕರೆದುಕೊಂಡು ಕೊಟ್ಟ ಹುದ್ದೆ ಕಾರ್ಯದರ್ಶಿಯದು. ಪೀಟರ್ ಸ್ಟೆನೋಗ್ರಾಫರ್ ಪಾದರಕ್ಷೆ ಬಿಡಿಸಿ ಕಳಿಸಿದರೂ ಅವಳಿಗೆ ಸಿಕ್ಕಿದ್ದು ಟಿಪ್ಪಣಿ ಬರೆಯುವ ಕೆಲಸವೇ.

ನಿಜವಾದ ಮರುಸೃಷ್ಟಿ ನಡೆದದ್ದು 1968ರಲ್ಲಿ. ಮಾರಾಟ ಕುಸಿದಿತ್ತು. ಬರಹಗಾರ ಡೆನ್ನಿ ಓ’ನೀಲ್, ಚಿತ್ರಕಾರ ಮೈಕ್ ಸೆಕೋವ್ಸ್ಕಿ ಸೇರಿ ಅವಳ ಶಕ್ತಿ, ಹಗ್ಗ, ನಕ್ಷತ್ರದ ಚಡ್ಡಿ ಎಲ್ಲವನ್ನೂ ಕಿತ್ತುಕೊಂಡರು. ಡಯಾನಾ ಪ್ರಿನ್ಸ್ ಬಟ್ಟೆ ಅಂಗಡಿ ಇಟ್ಟಳು, ಮುದುಕ ಗುರುವೊಬ್ಬನಿಂದ ಕರಾಟೆ ಕಲಿತಳು, ಮೈತುಂಬ ಬಿಳಿ ಪ್ಯಾಂಟು-ಜಾಕೆಟ್ ತೊಟ್ಟು ಪತ್ತೇದಾರಿಗೆ ಇಳಿದಳು. ದುಡಿದು ತಿನ್ನುವ, ಮೈಮುಚ್ಚುವ ಬಟ್ಟೆ ತೊಟ್ಟ, ಯಾರ ಹಂಗೂ ಇಲ್ಲದ ಹೆಣ್ಣು. ಕಾಗದದ ಮೇಲೆ ನೋಡಿದರೆ ಆ ದಶಕದ ಸ್ತ್ರೀವಾದಿಗಳು ಹಾರ ಹಾಕಬೇಕಿತ್ತು. ಆದದ್ದು ತಿರುಗುಮುರುಗು. ಗ್ಲೋರಿಯಾ ಸ್ಟೈನಮ್ ಮತ್ತು ಗೆಳತಿಯರು ಆರಂಭಿಸಿದ ‘ಮಿಸ್’ ಪತ್ರಿಕೆಯ 1972ರ ಜುಲೈ ಸಂಚಿಕೆಯ ಮುಖಪುಟದಲ್ಲಿ ಬೀದಿಯ ನಡುವೆ ದೈತ್ಯಾಕಾರದಲ್ಲಿ ನಡೆದುಬಂದವಳು ಹಳೆಯ ವಂಡರ್ ವುಮನ್: ಅದೇ ಹದ್ದು, ಅದೇ ನಕ್ಷತ್ರ, ಅದೇ ಬರಿ ತೊಡೆ. ಅವಳನ್ನು ದೇಶದ ಅಧ್ಯಕ್ಷೆ ಮಾಡಿ ಎಂಬ ಘೋಷಣೆ ಬೇರೆ. ಹುಡುಗಿಯಾಗಿದ್ದಾಗ ಇದೇ ಪುಸ್ತಕಗಳನ್ನು ಓದಿ ಬೆಳೆದ ಸ್ಟೈನಮ್‌ರ ವಾದ ಸರಳವಾಗಿತ್ತು. ಬಲವಿರುವ ಒಬ್ಬಳೇ ಒಬ್ಬಳಿದ್ದಳು, ಅವಳ ಬಲವನ್ನೂ ಕಿತ್ತುಕೊಂಡಿರಿ. 1973ರ ಮೊದಲ ಸಂಚಿಕೆಯ ಹೊತ್ತಿಗೆ ಶಕ್ತಿಯೂ ಚಡ್ಡಿಯೂ ವಾಪಸಾದವು. ತಾನು ಹೆಂಗಸರ ಪರವಾದ ಕೆಲಸವನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ ಎಂದು ಓ’ನೀಲ್ ಮುಂದೆ ಹೇಳಿಕೊಂಡರು.

ಈ ಪ್ರಸಂಗದಿಂದ ಒಂದು ಮಾತು ಸ್ಪಷ್ಟ. ಅಭಿಮಾನಿಗಳ ಜಗಳ ಬಟ್ಟೆಯ ಉದ್ದಗಲಕ್ಕಷ್ಟೇ ಸಂಬಂಧಿಸಿದ್ದಲ್ಲ. ಮೈ ಮುಚ್ಚಿದ ಮಾತ್ರಕ್ಕೆ ಗೌರವ ಕೊಟ್ಟಂತಾಗುವುದಿಲ್ಲ, ಮೈ ಕಂಡ ಮಾತ್ರಕ್ಕೆ ಅವಮಾನವೂ ಅಲ್ಲ. ಬಿಷಪ್ಪರು ಯಾವ ಚಡ್ಡಿಯನ್ನು ನೋಡಿ ಮುಖ ತಿರುಗಿಸಿದರೋ ಅದೇ ಚಡ್ಡಿಯನ್ನು ಮೂವತ್ತು ವರ್ಷದ ಮೇಲೆ ಸ್ತ್ರೀವಾದಿಗಳು ಬಾವುಟ ಮಾಡಿಕೊಂಡರು. ಊರ ಉತ್ಸವಮೂರ್ತಿಗೆ ಪ್ರತಿವರ್ಷದ ಅಲಂಕಾರ ಬಿಟ್ಟು ಹೊಸ ಅರ್ಚಕರು ಬೇರೆ ಬಣ್ಣದ ಪಟ್ಟೆ ಉಡಿಸಿದರೆ ಭಕ್ತರಿಗೆ ಆಗುವ ಕಸಿವಿಸಿಯೇ ಇಲ್ಲಿಯದೂ. ಆ ಪಟ್ಟೆ ಚೆನ್ನಾಗಿಲ್ಲ ಎಂದಲ್ಲ, ಅದನ್ನು ಬದಲಿಸಲು ನೀನು ಯಾರು ಎಂಬುದು ಪ್ರಶ್ನೆ.

ಟೆಲಿವಿಷನ್‌ಗೆ ಬಂದ ಮೇಲೆ ಉಡುಪಿನ ಜೊತೆ ನಟಿಯ ಆಯ್ಕೆಯೂ ಕೂಡಿಕೊಂಡಿತು. 1974ರಲ್ಲಿ ಎಬಿಸಿ ವಾಹಿನಿ ತೆಗೆದ ಟಿವಿ ಚಿತ್ರದಲ್ಲಿ ನಾಯಕಿಯಾದವರು ಕ್ಯಾಥಿ ಲೀ ಕ್ರಾಸ್ಬಿ. ಕೂದಲು ಹೊಂಬಣ್ಣ, ಮೈಮೇಲೆ ಕೆಂಪು ಅಂಗಿ, ಕಾಲಿಗೆ ನೀಲಿ ಪ್ಯಾಂಟು. ಚಿತ್ರವನ್ನು ನೋಡಿದವರು ನೋಡಿದರು, ಆದರೆ ಸರಣಿ ಮುಂದುವರಿಯಲಿಲ್ಲ. ವಾಹಿನಿ ಮರುವರ್ಷವೇ ಹೊಸದಾಗಿ ಆರಂಭಿಸಿ, ಈ ಸಲ ಹೆಸರಿನಲ್ಲೇ ಕ್ಷಮೆ ಕೇಳಿತು: ‘ದಿ ನ್ಯೂ ಒರಿಜಿನಲ್ ವಂಡರ್ ವುಮನ್’. ಹೊಸದೂ ಹೌದು, ಅಸಲಿಯೂ ಹೌದು. ನಾಯಕಿ 1972ರ ಮಿಸ್ ವರ್ಲ್ಡ್ ಯುಎಸ್ಎ ಲಿಂಡಾ ಕಾರ್ಟರ್. ಡಾನ್‌ಫೆಲ್ಡ್ ವಿನ್ಯಾಸ ಮಾಡಿದ ಉಡುಪು ಕಾಮಿಕ್ಸ್ ಪುಟದಿಂದ ಎದ್ದುಬಂದ ಹಾಗಿತ್ತು. ಕೈ ಚಾಚಿ ಗಿರ್ರನೆ ತಿರುಗಿದರೆ ಆಫೀಸಿನ ಬಟ್ಟೆ ಮಾಯವಾಗಿ ವೀರವೇಷ ಬರುವ ಉಪಾಯ ಕಾರ್ಟರ್ ಅವರದೇ ಸಲಹೆ; ಅದು ಕಾಮಿಕ್ಸ್‌ನಲ್ಲಿ ಇರಲಿಲ್ಲ. ಆದರೂ ಯಾವ ಅಭಿಮಾನಿಯೂ ಆಕ್ಷೇಪಿಸಲಿಲ್ಲ, ಕಾಮಿಕ್ಸ್‌ನವರೇ ಅದನ್ನು ಎರವಲು ಪಡೆದರು. ಸರಣಿ 1979ರವರೆಗೆ ನಡೆಯಿತು. ಅಲ್ಲಿಂದ ಮುಂದೆ ಮೂರು ದಶಕ, ಯಾರು ಆ ವೇಷ ತೊಟ್ಟರೂ ಹೋಲಿಕೆ ಪುಸ್ತಕದ ಜೊತೆ ಅಲ್ಲ, ಕಾರ್ಟರ್ ಜೊತೆ.

ನಡುವೆ 1982ರಲ್ಲಿ ಎದೆಯ ಮೇಲಿನ ಹದ್ದು ಹಾರಿಹೋಗಿ ಎರಡು ಡಬ್ಲ್ಯು ಅಕ್ಷರಗಳು ಕುಳಿತವು. ಪೀಟರ್‌ಗೆ ಸಮಾಧಾನವಾಗುತ್ತಿತ್ತೇನೋ. ದೊಡ್ಡ ಗದ್ದಲವೇನೂ ಆಗಲಿಲ್ಲ. ಗದ್ದಲ ಆದದ್ದು 2010ರ ಜೂನ್‌ನಲ್ಲಿ, ಪುಸ್ತಕದ 600ನೆಯ ಸಂಚಿಕೆ ಬಂದಾಗ. ಬರಹಗಾರ ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿ ಅವಳ ಗತವನ್ನೇ ಬದಲಿಸಿ ದ್ವೀಪ ನಾಶವಾದ ಮೇಲೆ ನಗರದಲ್ಲಿ ಬೆಳೆದವಳನ್ನಾಗಿ ಮಾಡಿದರು. ಪುಸ್ತಕ ಹೊರತರುವ ಡಿಸಿ ಸಂಸ್ಥೆಯ ಸಹ-ಪ್ರಕಾಶಕರೂ ಆಗಿದ್ದ ಚಿತ್ರಕಾರ ಜಿಮ್ ಲೀ ಹೊಸ ಉಡುಪು ಬರೆದರು: ಕಪ್ಪು ಬಣ್ಣದ ಬಿಗಿ ಪ್ಯಾಂಟು, ಕೆಂಪು ಮೇಲಂಗಿ, ಅದರ ಮೇಲೊಂದು ನೀಲಿ ಜಾಕೆಟ್. ಇಷ್ಟು ವರ್ಷ ಒಂದೇ ಬಟ್ಟೆಯಲ್ಲಿ ಯಾವ ಹೆಂಗಸು ಓಡಾಡುತ್ತಾಳೆ ಎಂಬುದು ಸ್ಟ್ರಾಝಿನ್ಸ್ಕಿ ಕೇಳಿದ ಪ್ರಶ್ನೆ. ನ್ಯಾಯವಾದದ್ದೇ. ಸುದ್ದಿ ‘ನ್ಯೂಯಾರ್ಕ್ ಟೈಮ್ಸ್’ವರೆಗೆ ಹೋಯಿತು. ಒಂದು ಟಿವಿ ವಾಹಿನಿಗೆ ಅಮೆರಿಕದ ಬಾವುಟದ ಬಣ್ಣ ಕಾಣೆಯಾದದ್ದು ದೇಶದ್ರೋಹದಂತೆ ಕಂಡರೆ, ಓದುಗರಿಗೆ ಆ ಜಾಕೆಟ್ ತೊಂಬತ್ತರ ದಶಕದ ಫ್ಯಾಷನ್ನಿನ ಹಳಸಲು ಅನ್ನಿಸಿತು. ಮೆಚ್ಚಿದವರೂ ಇದ್ದರು, ಇಂಥ ವಿಷಯದಲ್ಲಿ ಮೆಚ್ಚಿದವರ ಧ್ವನಿ ಯಾವತ್ತೂ ಕೆಳಗೇ. 2011ರಲ್ಲಿ ಡಿಸಿ ತನ್ನೆಲ್ಲ ಪುಸ್ತಕಗಳನ್ನೂ ಮೊದಲ ಸಂಚಿಕೆಯಿಂದ ಮತ್ತೆ ಆರಂಭಿಸಿದಾಗ ಪ್ರಚಾರಕ್ಕೆ ಬಿಟ್ಟ ಚಿತ್ರಗಳಲ್ಲಿ ಅವಳಿಗೆ ಪ್ಯಾಂಟು ಇತ್ತು. ಪುಸ್ತಕ ಅಂಗಡಿಗೆ ಬರುವಷ್ಟರಲ್ಲಿ ಚಡ್ಡಿಯಾಗಿತ್ತು. ಯಾರು ಯಾವಾಗ ಮನಸ್ಸು ಬದಲಿಸಿದರೋ, ಪ್ಯಾಂಟಿನ ಮೇಲೆ ಅಚ್ಚಿನ ಮನೆಗೆ ಹೋಗುವ ಮೊದಲೇ ಕತ್ತರಿ ಬಿದ್ದಿತ್ತು.

ಅದೇ ವರ್ಷ ಟಿವಿಯಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು. ನಟಿಯ ಆಯ್ಕೆ, ಉಡುಪು, ಅಭಿಮಾನಿಗಳ ಸಿಟ್ಟು ಮೂರೂ ಒಟ್ಟಿಗೆ ಸೇರಿದ ಪ್ರಕರಣ ಅದು. ‘ಆಲಿ ಮೆಕ್‌ಬೀಲ್’ ಖ್ಯಾತಿಯ ಡೇವಿಡ್ ಇ. ಕೆಲ್ಲಿ ಎನ್‌ಬಿಸಿ ವಾಹಿನಿಗಾಗಿ ವಂಡರ್ ವುಮನ್ ಕಥೆಯನ್ನು ಇಂದಿನ ಲಾಸ್ ಏಂಜಲಿಸ್‌ಗೆ ತಂದರು. ಡಯಾನಾ ಇಲ್ಲಿ ದೊಡ್ಡ ಕಂಪನಿಯ ಒಡತಿ, ತನ್ನದೇ ಗೊಂಬೆಗಳನ್ನು ಮಾರಿ ಬಂದ ಹಣದಿಂದ ಅಪರಾಧಿಗಳನ್ನು ಹಿಡಿಯುವವಳು. 2011ರ ಫೆಬ್ರವರಿಯಲ್ಲಿ ಏಡ್ರಿಯಾನ್ ಪಲಿಕಿ ಆಯ್ಕೆಯಾದರು. ಎತ್ತರದ, ಕಪ್ಪುಗೂದಲಿಗೆ ಹೊಂದುವ, ಕ್ರೀಡಾಪಟುವಿನ ಮೈಕಟ್ಟಿನ ನಟಿ. ಆಯ್ಕೆಯ ಬಗ್ಗೆ ಗೊಣಗಾಟ ಹೆಚ್ಚಿರಲಿಲ್ಲ. ಮಾರ್ಚ್‌ನಲ್ಲಿ ವೇಷದ ಮೊದಲ ಫೋಟೊ ಹೊರಬಿದ್ದಾಗ ಕಥೆ ಬೇರೆಯಾಯಿತು.

ಫೋಟೊದಲ್ಲಿ ಪಲಿಕಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಕೆಂಪು ಕುಪ್ಪಸ, ಚಿನ್ನದ ಪಟ್ಟಿ ಎಲ್ಲ ಇದ್ದ ಜಾಗದಲ್ಲೇ ಇದ್ದವು. ಕೆಳಗೆ ಗಾಢ ನೀಲಿ ಪ್ಯಾಂಟು. ಅದರ ಮೇಲೆ ಸ್ಟುಡಿಯೊ ದೀಪ ಬಿದ್ದು ಮೊಣಕಾಲಿನಿಂದ ತೊಡೆಯವರೆಗೆ ಬಿಳಿ ಗೆರೆ ಹೊಳೆಯುತ್ತಿತ್ತು, ನೀರು ಹೊಯ್ದ ಮಳೆಕೋಟಿನ ಹಾಗೆ. ಬೂಟೂ ನೀಲಿ, ಆದ್ದರಿಂದ ಪ್ಯಾಂಟು ಎಲ್ಲಿ ಮುಗಿದು ಬೂಟು ಎಲ್ಲಿ ಆರಂಭವಾಯಿತೆಂದೇ ತಿಳಿಯುತ್ತಿರಲಿಲ್ಲ. ಅಕ್ಟೋಬರ್ ಕೊನೆಯ ಹ್ಯಾಲೊವೀನ್ ಹಬ್ಬಕ್ಕೆ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ವೇಷ ಇದಕ್ಕಿಂತ ವಾಸಿ ಎಂದು ಅಭಿಮಾನಿಗಳು ಆಡಿಕೊಂಡರು. ಚಡ್ಡಿ ಬೇಕೆಂದವರೂ ಬೈದರು, ಪ್ಯಾಂಟೇ ಸರಿ ಎಂದವರೂ ಬೈದರು. ಎಪ್ಪತ್ತು ವರ್ಷದಲ್ಲಿ ಈ ಎರಡು ಪಂಗಡ ಒಂದಾದದ್ದು ಇದೊಂದೇ ಸಲವಿರಬೇಕು. ತಿಂಗಳು ತುಂಬುವುದರೊಳಗೆ ಬೀದಿಯಲ್ಲಿ ಚಿತ್ರೀಕರಣ ನಡೆಯುವಾಗ ತೆಗೆದ ಫೋಟೊಗಳು ಬಂದವು. ಪ್ಯಾಂಟಿನ ಹೊಳಪು ಇಳಿದಿತ್ತು, ನೀಲಿ ಬೂಟು ಹೋಗಿ ಕೆಂಪು ಬೂಟು ಬಂದಿತ್ತು. ಬೈಗುಳ ಫಲ ಕೊಟ್ಟಿತ್ತು.

ಉಡುಪು ಸುಧಾರಿಸಿದರೂ ಕಂತು ಉಳಿಯಲಿಲ್ಲ. ಮೇ ತಿಂಗಳಲ್ಲಿ ಎನ್‌ಬಿಸಿ ಸರಣಿ ಬೇಡವೆಂದಿತು. ಮಾದರಿಗೆಂದು ತೆಗೆದ ಆ ಪೈಲಟ್ ಕಂತು ಅಧಿಕೃತವಾಗಿ ಪ್ರಸಾರವಾಗಲೇ ಇಲ್ಲ. ಕಳ್ಳದಾರಿಯಲ್ಲಿ ಹರಿದಾಡಿದ ಪ್ರತಿಯಲ್ಲಿ ಒಂದು ದೃಶ್ಯವಿದೆ. ತನ್ನ ಹೊಸ ಗೊಂಬೆಯ ಮಾದರಿ ನೋಡಿ ಡಯಾನಾ ಮೀಟಿಂಗಿನಲ್ಲಿ ರೇಗುತ್ತಾಳೆ: ಗೊಂಬೆಯ ಎದೆ ತನ್ನದಕ್ಕಿಂತ ದೊಡ್ಡದು ಮಾಡಿದ್ದಾರೆ. ತನ್ನ ಆಕಾರದ ಮೇಲೆ ತನಗೇ ಹಕ್ಕಿಲ್ಲದ ನಾಯಕಿ! ಇಡೀ ಕಂತಿನಲ್ಲಿ ಬುದ್ಧಿ ಇದ್ದ ಜಾಗ ಅದೊಂದೇ ಎನ್ನಬಹುದು. ಅದನ್ನೂ ಬರಹಗಾರರು ಜೋಕಿನ ಮಟ್ಟಕ್ಕೆ ಬಿಟ್ಟರು. ಅಭಿಮಾನಿಗಳು ಪ್ಯಾಂಟು ಸರಿಮಾಡಿಸಿದರು. ಕಥೆ ಸರಿಮಾಡಿಸುವುದು ಅವರ ಕೈಯಲ್ಲಿರಲಿಲ್ಲ. ಪಲಿಕಿ ಕೆಲವೇ ವರ್ಷಗಳಲ್ಲಿ ಮಾರ್ವೆಲ್‌ನ ‘ಏಜೆಂಟ್ಸ್ ಆಫ್ ಶೀಲ್ಡ್’ ಸರಣಿಯಲ್ಲಿ ಮಾಕಿಂಗ್‌ಬರ್ಡ್ ಆಗಿ ಚೆನ್ನಾಗಿಯೇ ಹೊಡೆದಾಡಿದರು. ತಪ್ಪು ನಟಿಯದಾಗಿರಲಿಲ್ಲ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು.

ಇಲ್ಲಿ ಹೊಲಿಗೆಯ ಕಷ್ಟವನ್ನೂ ಹೇಳಬೇಕು. ಕಾಮಿಕ್ಸ್ ಉಡುಪಿಗೆ ಹೊಲಿಗೆ ಇಲ್ಲ, ಜಿಪ್ ಇಲ್ಲ, ಬೆವರು ಇಲ್ಲ. ಮೈಗೆ ಬಣ್ಣ ಬಳಿದು ಅಂಚಿಗೆ ಗೆರೆ ಎಳೆದರೆ ಬಟ್ಟೆಯಾಯಿತು. ನಿಜವಾದ ಮೈಮೇಲೆ ಭುಜಪಟ್ಟಿಯಿಲ್ಲದ ಕುಪ್ಪಸ ಜಾರದೆ ನಿಲ್ಲಬೇಕಾದರೆ ಒಳಗೆ ಗಟ್ಟಿ ಕಡ್ಡಿಗಳನ್ನು ಹೊಲಿಯಬೇಕು. ಕಡ್ಡಿ ಹೊಲಿದರೆ ನಟಿ ಬಗ್ಗುವುದು, ಉಸಿರೆಳೆಯುವುದು ಕಷ್ಟ. ಅಪ್ಪಟ ಕೆಂಪು-ನೀಲಿ ಹಾಳೆಯ ಮೇಲೆ ಚೆಂದ, ಕ್ಯಾಮೆರಾ ಮುಂದೆ ಸರ್ಕಸ್ಸು. ಅದನ್ನು ಮಾಸಲು ಮಾಡಿದರೆ ಗುರುತು ಹೋಗುತ್ತದೆ. ಪ್ರಚಾರದ ಫೋಟೊ ತೆಗೆಯುವಾಗಿನ ಬೆಳಕೇ ಬೇರೆ, ಸಿನಿಮಾದಲ್ಲಿ ಬಣ್ಣ ತಿದ್ದಿದ ಮೇಲೆ ಕಾಣುವುದೇ ಬೇರೆ. ಅಭಿಮಾನಿಗಳು ತೀರ್ಪು ಕೊಡುವುದು ಸಾಮಾನ್ಯವಾಗಿ ಮೊದಲನೆಯದನ್ನು ನೋಡಿ.

ಗಾಲ್ ಗಡೋಟ್ ಪ್ರಕರಣದಲ್ಲಿ ತೀರ್ಪು ಬಂದದ್ದು ಫೋಟೊಗಿಂತಲೂ ಮೊದಲೇ. 2013ರ ಡಿಸೆಂಬರ್‌ನಲ್ಲಿ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಚಿತ್ರಕ್ಕೆ ಅವರ ಹೆಸರು ಪ್ರಕಟವಾಯಿತು. 2004ರ ಮಿಸ್ ಇಸ್ರೇಲ್, ಕಡ್ಡಾಯ ಸೇನಾ ಸೇವೆಯಲ್ಲಿ ದೈಹಿಕ ತರಬೇತಿ ಕೊಟ್ಟವರು, ‘ಫಾಸ್ಟ್ ಅಂಡ್ ಫ್ಯೂರಿಯಸ್’ ಸರಣಿಯಲ್ಲಿ ಕಾರು ಓಡಿಸಿದವರು. ಅಭಿಮಾನಿಗಳು ಇದನ್ನೆಲ್ಲ ಬಿಟ್ಟು ಸಣಕಲು ಎಂದರು, ಎದೆಯಿಲ್ಲ ಎಂದರು, ಉಚ್ಚಾರಣೆ ಸರಿಯಿಲ್ಲ ಎಂದರು. ಅಮೆಜಾನ್ ದ್ವೀಪದ ರಾಜಕುಮಾರಿಯ ಇಂಗ್ಲಿಷ್ ಅಮೆರಿಕದವರಂತೆಯೇ ಇರಬೇಕೆಂಬುದು ಯಾವ ಪುರಾಣದ ಮಾತೋ. ಗಡೋಟ್ ಇಸ್ರೇಲಿನ ಟಿವಿ ಕಾರ್ಯಕ್ರಮವೊಂದರಲ್ಲಿ ಇದಕ್ಕೆ ಕೊಟ್ಟ ಉತ್ತರ ಚುರುಕಾಗಿತ್ತು. ದಂತಕಥೆಯ ಅಮೆಜಾನರು ಬಿಲ್ಲು ಎಳೆಯಲು ಅಡ್ಡಿಯಾಗದಂತೆ ಒಂದು ಎದೆಯನ್ನೇ ತೆಗೆಸಿಕೊಳ್ಳುತ್ತಿದ್ದರಂತೆ; ಮೂಲಕ್ಕೆ ನಿಷ್ಠೆ ಬೇಕೆನ್ನುವವರು ಅದನ್ನೂ ಕೇಳುವರೇ ಎಂಬ ಅರ್ಥದಲ್ಲಿ ಅವರು ಮಾತಾಡಿದ್ದರು.

2014ರ ಜುಲೈನಲ್ಲಿ ಸ್ಯಾನ್ ಡಿಯಾಗೊದ ಕಾಮಿಕ್-ಕಾನ್ ಸಮಾವೇಶದಲ್ಲಿ ಉಡುಪಿನ ಮೊದಲ ಚಿತ್ರ ತೋರಿಸಿದರು. ಮೈಕೆಲ್ ವಿಲ್ಕಿನ್ಸನ್ ವಿನ್ಯಾಸದ ಅದು ಬಟ್ಟೆಗಿಂತ ಹೆಚ್ಚಾಗಿ ಕವಚ. ಗ್ರೀಕ್ ಯೋಧರ ಸೊಂಟಪಟ್ಟಿಯಂಥ ಚಿಕ್ಕ ಲಂಗ, ಕೈಯಲ್ಲಿ ಕತ್ತಿ. ಆದರೆ ನಿರ್ದೇಶಕ ಜ್ಯಾಕ್ ಸ್ನೈಡರ್‌ಗೆ ಇಷ್ಟವಾದ ಕಂದುಗತ್ತಲೆಯಲ್ಲಿ ಕೆಂಪೂ ನೀಲಿಯೂ ಮುಳುಗಿ ಇಡೀ ಮೈ ತಾಮ್ರದ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕಬೇಕು ಎನ್ನಿಸುವಷ್ಟು. ಬಣ್ಣ ಎಲ್ಲಿ ಎಂಬ ಪ್ರಶ್ನೆ ಎಲ್ಲೆಡೆ ಎದ್ದಿತು, ಮತ್ತು ಅದು ಸರಿಯಾದ ಪ್ರಶ್ನೆಯೇ. ಪ್ಯಾಟಿ ಜೆಂಕಿನ್ಸ್ ನಿರ್ದೇಶಿಸಿದ ‘ವಂಡರ್ ವುಮನ್’ 2017ರ ಜೂನ್ 2ರಂದು ಬಂದಾಗ ವಸ್ತ್ರವಿನ್ಯಾಸ ನೋಡಿಕೊಂಡವರು ಲಿಂಡಿ ಹೆಮಿಂಗ್. ಅದೇ ಕವಚ ಈಗ ಕೆಂಪು, ನೀಲಿ, ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು.

ಬೂಟಿನ ಎತ್ತರದ ಹಿಮ್ಮಡಿಯ ಬಗ್ಗೆ ಮಾತ್ರ ತಕರಾರು ಉಳಿಯಿತು. ಯುದ್ಧಕ್ಕೆ ಹೊರಟವಳಿಗೆ ಹಿಮ್ಮಡಿ ಯಾಕೆ? ಜೆಂಕಿನ್ಸ್ ಸಮರ್ಥನೆ ಹೀಗಿತ್ತು: ಗಂಡು ವೀರರಿಗೆ ಅಸಾಧ್ಯವಾದ ಎದೆಕಟ್ಟು ಕೊಟ್ಟು ಗಂಡಸರು ಖುಷಿಪಡುವುದಾದರೆ, ತನ್ನ ನಾಯಕಿಗೆ ಉದ್ದ ಕಾಲು ಇರಲಿ ಎಂದು ಹೆಂಗಸೊಬ್ಬಳು ಆಸೆಪಟ್ಟರೆ ತಪ್ಪೇನು. ಪೂರ್ತಿ ಒಪ್ಪುವ ಹಾಗಿಲ್ಲದಿದ್ದರೂ ಪ್ರಾಮಾಣಿಕ ಉತ್ತರ. ಟ್ರೈಲರ್ ನೋಡಿ ಕೆಲವರು ಕಂಕುಳನ್ನು ಚರ್ಚೆಗೆ ತಂದರು. ಹೆಂಗಸರೇ ಇರುವ ದ್ವೀಪದಲ್ಲಿ ಕಂಕುಳ ಕೂದಲು ಬೋಳಿಸಿದವರು ಯಾರು, ಯಾರಿಗಾಗಿ? ಜಗಳಗಳ ಇಡೀ ಇತಿಹಾಸದಲ್ಲಿ ತರ್ಕಬದ್ಧವಾದ ಪ್ರಶ್ನೆಗಳಲ್ಲಿ ಇದೂ ಒಂದು. ಉತ್ತರ ಯಾರಿಂದಲೂ ಬರಲಿಲ್ಲ. ಗಡೋಟ್ ಅವರ ರಾಷ್ಟ್ರೀಯತೆಯ ಕಾರಣಕ್ಕೆ ಲೆಬನಾನ್ ಚಿತ್ರವನ್ನೇ ನಿಷೇಧಿಸಿತು. ಅದು ಅಭಿಮಾನಿಗಳ ಲೆಕ್ಕಕ್ಕೆ ಬರುವ ಜಗಳವಲ್ಲ.

ಚಿತ್ರ ಜಗತ್ತಿನಾದ್ಯಂತ 82 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಸಣಕಲು ಎಂದವರು ಸುಮ್ಮನಾದರು. ಆಮೇಲೆ ತಿಳಿದ ಸಂಗತಿ: ಕೆಲವು ದೃಶ್ಯಗಳನ್ನು ಮರುಚಿತ್ರೀಕರಿಸುವಾಗ ಗಡೋಟ್ ಐದು ತಿಂಗಳ ಗರ್ಭಿಣಿ. ಕವಚದ ಹೊಟ್ಟೆಯ ಭಾಗವನ್ನು ತ್ರಿಕೋನವಾಗಿ ಕತ್ತರಿಸಿ ಅಲ್ಲಿಗೆ ಹಸಿರು ಬಟ್ಟೆ ಜೋಡಿಸಿದ್ದರು. ಉಬ್ಬಿದ ಹೊಟ್ಟೆಯನ್ನು ಕಂಪ್ಯೂಟರ್ ಅಳಿಸಿಹಾಕಿತು. ಹತ್ತಿರದಿಂದ ನೋಡಿದರೆ ವಂಡರ್ ವುಮನ್, ದೂರದಿಂದ ನೋಡಿದರೆ ಹೊಟ್ಟೆಯ ಮೇಲೊಂದು ಹಸಿರು ಗುಡ್ಡೆ. ಮೈಕಟ್ಟು ಸಾಲದು ಎಂದು ಮೂರು ವರ್ಷ ಬೈದವರು ಹೊಡೆದಾಟದ ದೃಶ್ಯಕ್ಕೆ ಚಪ್ಪಾಳೆ ತಟ್ಟಿದಾಗ ಅದರಲ್ಲಿ ಎಷ್ಟು ಭಾಗ ಆ ಹಸಿರು ಗುಡ್ಡೆಗೆ ಸೇರಿತೋ.

ಆ ಚಿತ್ರ ಬರುವ ಮೊದಲೇ, 2016ರಲ್ಲಿ ವಂಡರ್ ವುಮನ್‌ಗೆ 75 ತುಂಬಿದಾಗ ಜಗಳ ವಿಶ್ವಸಂಸ್ಥೆಯ ಅಂಗಳಕ್ಕೂ ಹೋಯಿತು. ಅಕ್ಟೋಬರ್ 21ರಂದು, ಕಾರ್ಟರ್ ಮತ್ತು ಗಡೋಟ್ ಇಬ್ಬರ ಸಮ್ಮುಖದಲ್ಲಿ, ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿಯೆಂದು ಪಾತ್ರವನ್ನು ಘೋಷಿಸಲಾಯಿತು. ಸಂಸ್ಥೆಯ ಸಿಬ್ಬಂದಿ ಕೆಲವರು ವೇದಿಕೆಗೆ ಬೆನ್ನು ತಿರುಗಿಸಿ ಮೌನವಾಗಿ ನಿಂತರು. ತೊಡೆ ಕಾಣುವ ಉಡುಪು, ಅಸಾಧ್ಯ ಅಳತೆಯ ಮೈ, ಮೇಲೆ ಅಮೆರಿಕದ ಬಾವುಟದ ಗುರುತು: ಜಗತ್ತಿನ ಹುಡುಗಿಯರಿಗೆ ಇವಳೇ ಮಾದರಿಯೇ ಎಂದು ಕೇಳಿದ ಮನವಿಗೆ ಸುಮಾರು 45,000 ಸಹಿ ಬಿದ್ದವು. ನಿಜವಾದ ಹೆಂಗಸೊಬ್ಬಳನ್ನು ಮಹಾಕಾರ್ಯದರ್ಶಿಯಾಗಿ ಆರಿಸದ ವರ್ಷವೇ ಕಾಗದದ ಹೆಂಗಸಿಗೆ ಪದವಿ ಕೊಟ್ಟದ್ದು ಸಿಟ್ಟಿಗೆ ತುಪ್ಪ ಸುರಿದಿತ್ತು. ಡಿಸೆಂಬರ್‌ನಲ್ಲಿ ಪದವಿ ಮುಗಿಯಿತು. ಈ ಸಲ ಚಡ್ಡಿಗಿಂತ ದೊಡ್ಡ ದೂರು ಇತ್ತು, ಆದರೆ ಸುದ್ದಿಯ ತಲೆಬರಹಗಳಲ್ಲಿ ಉಳಿದದ್ದು ಚಡ್ಡಿಯೇ. ಮರುವರ್ಷ ನವೆಂಬರ್‌ನಲ್ಲಿ ‘ಜಸ್ಟಿಸ್ ಲೀಗ್’ ಬಂದಾಗ, ಜೆಂಕಿನ್ಸ್ ಚಿತ್ರದಲ್ಲಿ ಮೈತುಂಬ ಕವಚ ತೊಟ್ಟಿದ್ದ ಅಮೆಜಾನ್ ಸೈನಿಕರಲ್ಲಿ ಕೆಲವರು ಹೊಟ್ಟೆ ಬಿಟ್ಟ ಚರ್ಮದ ತುಂಡುಗಳಲ್ಲಿ ಕಾಣಿಸಿಕೊಂಡರು. ಎರಡೂ ಚಿತ್ರಗಳ ಫೋಟೊಗಳನ್ನು ಅಕ್ಕಪಕ್ಕ ಇಟ್ಟವರು ಬೇರೆ ಮಾತೇನೂ ಆಡಬೇಕಿರಲಿಲ್ಲ.

ಬೇರೆ ನಾಯಕಿಯರ ಕಥೆಯೂ ಇದಕ್ಕೆ ತಾಳೆಯಾಗುತ್ತದೆ. ಮಾರ್ವೆಲ್‌ನ ಕ್ಯಾರಲ್ ಡ್ಯಾನ್ವರ್ಸ್ ವರ್ಷಗಟ್ಟಲೆ ಕಪ್ಪು ಈಜುಡುಗೆಯಲ್ಲಿ ಯುದ್ಧ ಮಾಡಿದವಳು. 2012ರಲ್ಲಿ ಬರಹಗಾರ್ತಿ ಕೆಲ್ಲಿ ಸ್ಯೂ ಡಿಕಾನಿಕ್ ಅವಳನ್ನು ಕ್ಯಾಪ್ಟನ್ ಮಾರ್ವೆಲ್ ಮಾಡಿದಾಗ ಜೇಮಿ ಮೆಕೆಲ್ವಿ ವಿಮಾನ ಚಾಲಕರ ಸೂಟಿನಂಥ ಉಡುಪು ಬರೆದುಕೊಟ್ಟರು. ಹೊಸ ಓದುಗರು, ಅದರಲ್ಲೂ ಹೆಂಗಸರು, ತಮ್ಮನ್ನು ‘ಕ್ಯಾರಲ್ ಕೋರ್’ ಎಂದು ಕರೆದುಕೊಂಡು ಅದೇ ಬಣ್ಣದ ಬಟ್ಟೆ ಹೊಲಿಸಿಕೊಂಡು ಸಮಾವೇಶಗಳಿಗೆ ಬಂದರು. ಬದಲಾವಣೆಯನ್ನು ಅಭಿಮಾನಿಗಳು ಎಂದೂ ಸಹಿಸುವುದಿಲ್ಲ ಎನ್ನುವವರು ಈ ಪ್ರಸಂಗವನ್ನು ಮರೆಯುತ್ತಾರೆ. 2018ರ ಜನವರಿಯಲ್ಲಿ, ಸಿನಿಮಾದಲ್ಲಿ ಆ ಪಾತ್ರ ವಹಿಸಿದ ಬ್ರೀ ಲಾರ್ಸನ್ ಹಸಿರು ಸೂಟಿನಲ್ಲಿ ಚಿತ್ರೀಕರಣದಲ್ಲಿದ್ದ ಫೋಟೊ ಹೊರಬಂದಾಗ ಕೆಂಪು-ನೀಲಿ ಎಲ್ಲಿ ಎಂಬ ಗಲಾಟೆ ಆಯಿತು. ಸಿನಿಮಾ ಬಂದಾಗ ಹಸಿರು ಕಥೆಯ ಅಂಗವೇ ಆಗಿತ್ತು. ಪುಟ್ಟ ಹುಡುಗಿಯೊಬ್ಬಳು ಸೂಟಿನ ಬಣ್ಣಗಳನ್ನು ಒಂದೊಂದಾಗಿ ಬದಲಿಸಿ ನೋಡಿ ಕೊನೆಗೆ ಕೆಂಪು-ನೀಲಿ ಆರಿಸುವ ದೃಶ್ಯವಿದೆ. ಟ್ರೈಲರ್‌ನಲ್ಲಿ ಲಾರ್ಸನ್ ನಗುವುದಿಲ್ಲ ಎಂದು ದೂರಿ ಅವರ ಪೋಸ್ಟರಿಗೆ ಕೆಲವರು ನಗು ಅಂಟಿಸಿದರು. ಗಂಡು ವೀರರ ಪೋಸ್ಟರುಗಳಿಗೆ ಅದೇ ರೀತಿ ನಗು ಅಂಟಿಸಿದ ಚಿತ್ರಗಳನ್ನು ಲಾರ್ಸನ್ ಹಂಚಿಕೊಂಡರು. ಐರನ್ ಮ್ಯಾನ್ ಹಲ್ಲು ಕಿರಿದು ನಿಂತದ್ದು ನೋಡಿದರೆ ದೂರಿನ ಅರ್ಥಹೀನತೆ ತಾನಾಗಿ ತಿಳಿಯುತ್ತಿತ್ತು.

ಆನಾ ಡಿಯೊಪ್‌ಗೆ ನಗುವ ಅವಕಾಶವೂ ಸಿಗಲಿಲ್ಲ. ‘ಟೈಟನ್ಸ್’ ಸರಣಿಯಲ್ಲಿ ಸ್ಟಾರ್‌ಫೈರ್ ಪಾತ್ರಕ್ಕೆ ಆಯ್ಕೆಯಾದ, ಸೆನೆಗಲ್‌ನಲ್ಲಿ ಹುಟ್ಟಿದ ನಟಿ ಆಕೆ. ಕಾಮಿಕ್ಸ್‌ನ ಸ್ಟಾರ್‌ಫೈರ್ ಬೇರೆ ಗ್ರಹದವಳು, ಮೈಬಣ್ಣ ಕಿತ್ತಳೆ. 2018ರಲ್ಲಿ ಫೋಟೊ ಹೊರಬಂದಾಗ ದೂರು ವಿಗ್ಗಿನಿಂದ, ತುಪ್ಪಳದ ಕೋಟಿನಿಂದ ಆರಂಭವಾಯಿತು. ಅಲ್ಲಿಂದ ಮೈಬಣ್ಣಕ್ಕೆ, ಜನಾಂಗಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಿತ್ತಳೆ ಬಣ್ಣದ ಮನುಷ್ಯರು ಎಲ್ಲೂ ಇಲ್ಲದಿರುವಾಗ ಬಿಳಿ ನಟಿಗೆ ಬಣ್ಣ ಬಳಿಯುವುದು ಸಹಜ, ಕಪ್ಪು ನಟಿ ಅಸಹಜ ಎಂಬುದು ಅವರ ತರ್ಕ. ಡಿಯೊಪ್ ತನ್ನ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಪ್ರತಿಕ್ರಿಯೆಗಳನ್ನೇ ಮುಚ್ಚಿದರು. ಮೂರನೆಯ ಸೀಸನ್ನಿನಲ್ಲಿ ಆಕೆಗೆ ಕಾಮಿಕ್ಸ್‌ಗೆ ಹತ್ತಿರವಾದ ನೇರಳೆ ಉಡುಪು ಹೊಲಿಸಿಕೊಟ್ಟಾಗ ಮೆಚ್ಚುಗೆ ಬಂತು. ಕೋಟಿನ ಬಗೆಗಿನ ದೂರಷ್ಟೇ ಇದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಪಲಿಕಿಯ ಪ್ಯಾಂಟು, ಸ್ನೈಡರನ ಕಂದುಬಣ್ಣ, ಹಿಮ್ಮಡಿಯ ಬೂಟು: ಈ ದೂರುಗಳಿಗೆ ದರ್ಜಿಯ ಬಳಿ ಉತ್ತರವಿತ್ತು, ಎಷ್ಟೋ ಸಲ ದರ್ಜಿ ಉತ್ತರ ಕೊಟ್ಟದ್ದೂ ಉಂಟು. ಗಡೋಟ್‌ರ ಎದೆ, ಲಾರ್ಸನ್‌ರ ಮುಖ, ಡಿಯೊಪ್‌ರ ಮೈಬಣ್ಣದ ದೂರಿಗೆ ಯಾವ ದರ್ಜಿಯೂ ಉತ್ತರ ಹೊಲಿಯಲಾರ. ಮೊದಲ ಬಗೆಯದು ಅಭಿಮಾನಿಯ ಹಕ್ಕು. ಎರಡನೆಯದು ಹಕ್ಕಿನ ಹೆಸರಿನಲ್ಲಿ ನಡೆಯುವ ಪುಂಡಾಟ.

ಜೆಂಕಿನ್ಸ್ ನಿರ್ದೇಶಿಸಬೇಕಿದ್ದ ಮೂರನೆಯ ವಂಡರ್ ವುಮನ್ ಚಿತ್ರ 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟುಹೋಯಿತು. ಹೊಸ ವಂಡರ್ ವುಮನ್ ಚಿತ್ರಕ್ಕೆ ಚಿತ್ರಕಥೆ ಬರೆಸಲಾಗುತ್ತಿದೆ ಎಂದು ಡಿಸಿ ಸ್ಟುಡಿಯೋಸ್ ಮುಖ್ಯಸ್ಥರಲ್ಲೊಬ್ಬರಾದ ಜೇಮ್ಸ್ ಗನ್ 2025ರಲ್ಲಿ ತಿಳಿಸಿದರು.